ಮಾರಿ ನಾಕಾಣಿ, ಹಿಂದಿಂದು ಬಾರಾಣಿ

ಬನಹಟ್ಟಿಯ ಹುಡುಗಿ ಓಡುವ ಮಗ್ಗದ ಪಕ್ಕ ನಿಂತು ಸೆಲ್ಫಿ ತೆಗೆಯುವಾಗ ಅವಳ ವೇಲು ಸಿಕ್ಕಿಹಾಕಿಕೊಳ್ಳಬಹುದಿತ್ತು. ಸಮೀರವಾಡಿ ರಸ್ತೆಯಲ್ಲಿ ಎರಡು ಟ್ರೇಲರ್ ಎಳೆದುಕೊಂಡು ಬರುವ ಕಬ್ಬಿನ ಟ್ರ್ಯಾಕ್ಟರು ಫೋಟೋದಲ್ಲಿ ಪೂರ್ತಿ ಬರಲಿ ಎಂದು ಹುಡುಗನೊಬ್ಬ ಇನ್ನೊಂದೇ ಹೆಜ್ಜೆ ಹಿಂದೆ ಸರಿಯಬಹುದಿತ್ತು. ಕೃಷ್ಣೆಯ ಬ್ಯಾರೇಜಿನ ಕಟ್ಟೆಯ ಮೇಲೆ ಮತ್ತೊಬ್ಬ. ಮುಧೋಳದಲ್ಲಿ ಬೇಟೆನಾಯಿ ಸಾಕಿದವರ ಮನೆಗೆ ಹೋಗಿ ನಾಯಿಯ ಹೆಗಲ ಮೇಲೆ ಕೈ ಹಾಕಿದವನೊಬ್ಬ. ಹುಡುಗಿಯರ ಫೋಟೋ ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಹಾರುತ್ತ ಬೀಳಗಿಯ ಯಾವುದೋ ಅಂಗಡಿಕಟ್ಟೆಗೆ ತಲುಪಿ, ಮರುದಿನವೇ ಒಬ್ಬಳ ಅಪ್ಪ ಅವಳ ಓದು ಬಿಡಿಸಬಹುದಿತ್ತು. ಇನ್ನೊಬ್ಬಳ ಅಣ್ಣ ನಾಲ್ಕು ಜನರನ್ನು ಕರೆದುಕೊಂಡು ನೇರ ವಿಭಾಗಕ್ಕೇ ಬರಬಹುದಿತ್ತು. ಪ್ರಾಚಾರ್ಯರು ನೋಟಿಸು ಕೊಡಬಹುದಿತ್ತು. ಪತ್ರಿಕೆಯವರು ಬರೆಯಬಹುದಿತ್ತು. ಬರೆದರೆ, ಈ ಸೆಲ್ಫಿ ಪಾಠ ತೆಗೆದ ನನ್ನ ಹಿರಿಯ ಸಹೋದ್ಯೋಗಿಯ ಹೆಸರಿನ ಕೆಳಗೆ ನನ್ನ ಹೆಸರೂ ಬರಬಹುದಿತ್ತು. ನನ್ನ ಚಿಂತೆಗಳೆಲ್ಲ ಸುತ್ತಿ ಸುತ್ತಿ ಕೊನೆಗೆ ಬಂದು ಕೂರುವುದು ಅಲ್ಲಿಯೇ.

ಇದೆಲ್ಲವನ್ನೂ ನಾನು ಒಂದು ಹಾಳೆಯಲ್ಲಿ ಕ್ರಮಸಂಖ್ಯೆ ಹಾಕಿ ಬರೆದು ಅವರ ಮುಂದಿಟ್ಟಿದ್ದೆ. ಒಟ್ಟು ಹದಿನೇಳು. ಅವರು ಕನ್ನಡಕವನ್ನು ಹಣೆಗೆ ಏರಿಸಿಕೊಂಡು, ಅವಸರವಿಲ್ಲದೆ, ಒಂದೊಂದನ್ನೂ ಓದಿದರು. ಓದಿ ಮುಗಿಸಿ ಜೇಬಿನಿಂದ ಪೆನ್ನು ತೆಗೆದು ಹದಿನೆಂಟನೆಯದನ್ನು ತಾವೇ ಸೇರಿಸಿದರು: ‘ಹುಡುಗರು ಏನಾದರೂ ಕಲಿಯಬಹುದು.’ ಹಾಳೆಯನ್ನು ನನಗೆ ಮರಳಿಸುತ್ತ, ಯಾದಿ ಈಗ ಪೂರ್ತಿ ಆಯಿತು ನೋಡ್ರಿ ಮಾಸ್ತರ, ಎಂದರು.

ಅವರು ತೀರಿಕೊಂಡು ಈಗ ಎರಡು ತಿಂಗಳಾಯಿತು. ಅಂದಿನಿಂದ ನನಗೊಂದು ಹೊಸ ಚಟ ಹತ್ತಿದೆ. ಪರಿಚಯದವರು ಯಾರೇ ಸಿಗಲಿ, ಅವರು ಬಾಯಿ ತೆರೆಯುವ ಮೊದಲೇ ನನ್ನ ಹೆಸರು ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷದಿಂದ ನನಗೆ ತರಕಾರಿ ತೂಗಿಕೊಡುವವನಿಗೂ ಮೊನ್ನೆ ಹೇಳಿದೆ. ಅವನು ತಕ್ಕಡಿ ಕೆಳಗಿಟ್ಟು, ಮನೆಯಲ್ಲಿ ಎಲ್ಲ ಆರಾಮ ಇದ್ದೀರಲ್ಲ ಎಂದು ಕೇಳಿದ.

ನಮ್ಮದು ಜಮಖಂಡಿಯ ಒಂದು ಕಾಲೇಜಿನ ಸ್ನಾತಕೋತ್ತರ ಸಮಾಜಶಾಸ್ತ್ರ ವಿಭಾಗ. ವಿಭಾಗವೆಂದರೆ ಒಂದು ಕೋಣೆ, ಎದುರುಬದುರು ಎರಡು ಟೇಬಲ್ಲು, ಹಾಗೂ ಅವುಗಳ ಹಿಂದೆ ಅವರು ಮತ್ತು ನಾನು. ಹತ್ತೊಂಬತ್ತು ವರ್ಷ ಹೀಗೆ ಎದುರುಬದುರು ಕೂತೆವು. ಅವರು ದಿನವೂ ಮುಧೋಳದಿಂದ ಬಸ್ಸಿಗೆ ಬರುತ್ತಿದ್ದರು. ಕಬ್ಬಿನ ಹಂಗಾಮಿನಲ್ಲಿ ಬಸ್ಸು ಟ್ರ್ಯಾಕ್ಟರುಗಳ ಹಿಂದೆ ತೆವಳುವುದರಿಂದ ಅರ್ಧ ತಾಸು ಮೊದಲೇ ಮನೆ ಬಿಡುತ್ತಿದ್ದರೇ ಹೊರತು ಒಂದು ದಿನವೂ ತಡವಾಗಿ ಬಂದವರಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿ ಕಟಕರೊಟ್ಟಿಯನ್ನು ಮುರಿದು, ಕೇಳದೆ, ಅರ್ಧವನ್ನು ನನ್ನ ಡಬ್ಬಿಯ ಮುಚ್ಚಳದಲ್ಲಿ ಇಡುತ್ತಿದ್ದರು. ನನಗೆ ಹೊಟ್ಟೆಹುಳಿಯ ಭಯ. ಬೇಡ ಎಂದು ಹತ್ತೊಂಬತ್ತು ವರ್ಷ ಹೇಳಿದೆ, ಹತ್ತೊಂಬತ್ತು ವರ್ಷ ತಿಂದೆ.

ಅವರ ಕೀರ್ತಿ ಇದ್ದದ್ದು ಮುಖ ಓದುವುದರಲ್ಲಿ. ಪ್ರವೇಶದ ದಿನಗಳಲ್ಲಿ ಅರ್ಜಿ ಹಿಡಿದು ನಿಂತ ಹೊಸ ಹುಡುಗಿಯನ್ನು ಒಂದು ಗಳಿಗೆ ನೋಡಿ, ನೀ ರಬಕವಿ ಕಡೆಯಾಕಿ ಅಲ್ಲೇನು, ನಿಮ್ಮ ಚಿಕ್ಕಪ್ಪ ಇಲ್ಲೇ ಓದಿದವನು ಎನ್ನುತ್ತಿದ್ದರು. ಹುಡುಗಿ ಬೆರಗಾಗುತ್ತಿದ್ದಳು. ಹಣೆ ತಂದೆಯದು, ಹುಬ್ಬು ಸೋದರಮಾವನದು ಎಂದು ಬಿಡಿಬಿಡಿಯಾಗಿ ಮುಖವನ್ನು ಮನೆತನಕ್ಕೆ ಹಂಚುವುದು ಅವರಿಗೆ ಎಲೆ ಅಡಿಕೆ ಹಾಕಿದಷ್ಟು ಸಲೀಸು. ನಾನು ಇಷ್ಟು ವರ್ಷ ಪಾಠ ಹೇಳಿದ ಮೇಲೂ ಹಾಜರಿ ಪುಸ್ತಕವಿಲ್ಲದೆ ಒಂದು ಹೆಸರು ಕರೆಯಲಾರೆ. ತಪ್ಪಿದರೆ ಎಂಬ ಹೆದರಿಕೆಯಲ್ಲಿ ಎಲ್ಲರನ್ನೂ ‘ನೀವು’ ಎನ್ನುತ್ತೇನೆ. ಅದನ್ನು ಹುಡುಗರು ಗೌರವವೆಂದು ತಿಳಿದಿದ್ದಾರೆ.

ನಿವೃತ್ತಿಗೆ ಒಂದು ವರ್ಷ ಉಳಿದಾಗ ಅವರು ಈ ಸೆಲ್ಫಿಯ ಉಸಾಬರಿ ತೆಗೆದರು. ಅಲ್ಲಿಯವರೆಗೆ ಒತ್ತುಗುಂಡಿಯ ಫೋನನ್ನೇ ಬಳಸುತ್ತಿದ್ದವರು ಒಂದು ಸೋಮವಾರ ದೊಡ್ಡ ಮೊಬೈಲು ಹಿಡಿದುಕೊಂಡು ಎಂ.ಎ. ಕೊನೆಯ ವರ್ಷದ ತರಗತಿಗೆ ಹೋದರು. ಕಬ್ಬು, ನೇಕಾರಿಕೆ, ಕುಟುಂಬ, ದುಡಿಮೆ ಎಂದು ಅದೇ ಪುಸ್ತಕವನ್ನು ಉರು ಹೊಡೆಯುತ್ತಿದ್ದ ಮೂವತ್ತೊಂದು ಮಂದಿಗೆ ಅವರು ಹೇಳಿದ್ದು ಇಷ್ಟು: ನಿಮ್ಮ ಮನೆಯ ಕೆಲಸ ಎಲ್ಲಿ ನಡೆಯುತ್ತದೋ ಅಲ್ಲಿ ನಿಂತು ನಿಮ್ಮದೊಂದು ಸೆಲ್ಫಿ ತೆಗೆದುಕೊಂಡು ಬರ್ರಿ. ಚೌಕದ ಕಾಲು ಭಾಗದಲ್ಲಿ ನಿಮ್ಮ ಮುಖ, ಉಳಿದ ಮುಕ್ಕಾಲಿನಲ್ಲಿ ನಿಮ್ಮ ಬೆನ್ನ ಹಿಂದೆ ಇರುವುದು. ಆಮೇಲೆ ಆ ಮುಕ್ಕಾಲಿನ ಬಗ್ಗೆ ಒಂದು ಪುಟ.

“ಮಾರಿ ನಾಕಾಣಿ, ಹಿಂದಿಂದು ಬಾರಾಣಿ. ತಿಳೀತ? ನಿಮ್ಮ ಮಾರಿ ದಿನಾ ಕನ್ನಡ್ಯಾಗ ನೋಡ್ತೀರಿ. ನಿಮ್ಮ ಹಿಂದ ಯಾರು ನಿಂತಾರ, ಅದನ್ನ ನೋಡ್ಕೊಂಡ ಬರ್ರಿ.”

ಮೊದಲ ವಾರ ಎಲ್ಲರದೂ ಒಂದೊಂದು; ಆಮೇಲೆ ವಾರಕ್ಕೆ ಐವರ ಪಾಳಿ. ಮೊಬೈಲಿನಲ್ಲಿ ಇದ್ದರೆ ಸಾಲದು. ಪ್ರಿಂಟು ತೆಗೆಸಿ, ಒಂದು ದಪ್ಪ ರಟ್ಟಿನ ಉದ್ದ ಪುಸ್ತಕದಲ್ಲಿ ಅಂಟಿಸಿ, ಕೆಳಗೆ ದೊಡ್ಡ ಅಕ್ಷರದಲ್ಲಿ ಹೆಸರು, ಊರು, ‘ಹಿಂದೆ:’ ಎಂದು ಬರೆದು ಅಲ್ಲಿರುವವರ ವಿವರ. ಹೆಸರು ದಪ್ಪಗೆ ಇರಬೇಕೆಂದು ಅವರು ಎರಡೆರಡು ಸಲ ಹೇಳಿದ್ದು ನನಗೆ ನೆನಪಿದೆ. ವಯಸ್ಸಾದ ಕಣ್ಣು ಎಂದುಕೊಂಡೆ. ಸಂಜೆ ಆ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಮುಧೋಳದ ಬಸ್ಸು ಹತ್ತುವುದನ್ನು ಕಂಡಾಗ, ಈ ವಯಸ್ಸಿನಲ್ಲೂ ಎಂಥ ಶ್ರದ್ಧೆ ಎಂದು ನಾಚಿದೆ.

ಬನಹಟ್ಟಿಯ ಹುಡುಗಿ ಮಗ್ಗದಿಂದ ದೂರವೇ ನಿಂತು ತೆಗೆದಿದ್ದಳು. ಮಗ್ಗದ ಮುಂದೆ ಅಪ್ಪ. ಪುಟದಲ್ಲೂ ಅಪ್ಪನದೇ ದುಡಿಮೆ, ಅಪ್ಪನದೇ ತಾಸುಗಳು. ಅವರು ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದು ಮೂಲೆಯಲ್ಲಿ ಬಾಗಿ ಕೂತ ಒಂದು ಆಕಾರವನ್ನು ಬೆರಳಿಂದ ತೋರಿಸಿದರು.

“ಇವರು ಯಾರಬೇ ತಂಗಿ?”

“ಆಯಿರಿ ಸರ್. ನಮ್ಮಪ್ಪನ ಅವ್ವ.”

“ಏನ್ ಮಾಡಾಕತ್ತಾರ?”

“ಏನಿಲ್ರಿ. ಕಂಡಕಿ ಸುತ್ತಾಕತ್ತಾರ.”

ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡದಿದ್ದರೆ ಮಗ್ಗ ನಿಲ್ಲುತ್ತದೆ. ಅದು ಆ ತರಗತಿಯ ಅರ್ಧ ಜನಕ್ಕೆ ಹುಟ್ಟಿದಾಗಿನಿಂದ ಗೊತ್ತು. ಅವರು ಹಿಂದಿನ ತಿಂಗಳು ಇದೇ ಹುಡುಗಿ ತುಂಬಿದ್ದ ಕುಟುಂಬ ಸಮೀಕ್ಷೆಯ ನಮೂನೆ ತೆಗೆದು ಅಜ್ಜಿಯ ಸಾಲನ್ನು ಓದಿದರು. ವಯಸ್ಸು ಎಪ್ಪತ್ತು, ಉದ್ಯೋಗ ಇಲ್ಲ. ನಮೂನೆಯನ್ನೂ ಪುಸ್ತಕವನ್ನೂ ಪಕ್ಕಪಕ್ಕದಲ್ಲಿ ಅವಳ ಮುಂದಿಟ್ಟು ಮುಂದಿನ ಹುಡುಗನ ಕಡೆ ಹೋದರು. ಹುಡುಗಿ ಬಹಳ ಹೊತ್ತು ಎರಡನ್ನೂ ನೋಡುತ್ತ ಕೂತಳು. ನಾನು ಆ ನಮೂನೆಯನ್ನು ಪರಿಶೀಲಿಸಿ ‘ಸರಿ ಇದೆ’ ಎಂದು ಸಹಿ ಹಾಕಿದವನು. ಹಿಂದಿನ ಬೆಂಚಿನಲ್ಲಿ ಕೂತಿದ್ದವನು ಕಿಟಕಿಯ ಹೊರಗೆ ನೋಡಿದೆ.

ರನ್ನ ಬೆಳಗಲಿಯ ಹುಡುಗ ತಮ್ಮ ಕಬ್ಬಿನ ಹೊಲದಲ್ಲಿ ಎದೆಯುಬ್ಬಿಸಿ ನಿಂತಿದ್ದ. ಹಿಂದೆ ಏಳೆಂಟು ಜನ ಕಬ್ಬು ಕಡಿಯುತ್ತಿದ್ದರು. ಯಾರು ಇವರು ಎಂದರೆ, ಗ್ಯಾಂಗಿನವರು ಎಂದ. ಹೆಸರು ಕೇಳಿದರೆ ತಲೆ ಕೆರೆದುಕೊಂಡ. ಒಂದೂವರೆ ತಿಂಗಳಿಂದ ನಿಮ್ಮ ಹೊಲದ ಬದುವಿನಲ್ಲಿ ಗುಡಿಸಲು ಹಾಕಿಕೊಂಡವರ ಹೆಸರು ಗೊತ್ತಿಲ್ಲದ ಮೇಲೆ ಗ್ರಾಮೀಣ ಸಮಾಜಶಾಸ್ತ್ರದಲ್ಲಿ ಅರವತ್ತೆಂಟು ಅಂಕ ಹೇಗೆ ಬಂತಪ್ಪ ಎಂದು ಅವರು ಶಾಂತವಾಗಿ ಕೇಳಿದಾಗ ತರಗತಿ ನಕ್ಕಿತು. ಅಂಕ ಕೊಟ್ಟವನು ನಾನು. ಮುಂದಿನ ಪಾಳಿಯಲ್ಲಿ ಆ ಹುಡುಗ ಎಂಟೂ ಹೆಸರು, ಎಂಟೂ ಊರು, ಜೊತೆಗೆ ಜೋಳಿಗೆಯಲ್ಲಿ ಮಲಗಿದ್ದ ಕೂಸಿನ ಹೆಸರನ್ನೂ ಬರೆದುಕೊಂಡು ಬಂದ.

ನನ್ನ ಹದಿನೇಳರಲ್ಲಿ ಒಂದು ನಿಜವಾಗುವ ಹಾಗೆ ಕಂಡದ್ದು ಬೀಳಗಿಯ ಹುಡುಗಿಯ ಅಣ್ಣ ಬಂದ ದಿನ. ಬಾಗಿಲಲ್ಲಿ ಅಷ್ಟೆತ್ತರದ ಮನುಷ್ಯ ನಿಂತು, ನನ್ನ ತಂಗಿಯ ಫೋಟೋದ ಬಗ್ಗೆ ಮಾತಾಡಬೇಕು ಎಂದ. ನಾನು ಎದ್ದು ನಿಂತೆ. ಯಾಕೆ ಎದ್ದೆನೋ, ಓಡಲು ಇನ್ನೊಂದು ಬಾಗಿಲು ಆ ಕೋಣೆಗೆ ಇರಲಿಲ್ಲ. ಅವರು ಮಾತ್ರ ಕೂರಲು ಹೇಳಿ ನೀರು ಕೊಟ್ಟರು.

“ಉಳದ ಹುಡುಗೂರದ್ದು ಎಲ್ಲಾ ಕಲರ್ ಅದಾವಂತ್ರಿ ಸರ್,” ಎಂದ ಅವನು, “ನಮ್ಮಾಕಿದ ಅಷ್ಟ ಯಾಕ ಕರಿಬಿಳಿ ಹಚ್ಚೀರಿ?”

ವಿಭಾಗದ ಪ್ರಿಂಟರಿನಲ್ಲಿ ತೆಗೆದದ್ದು ಅದೊಂದೇ. ಅವನು ತಾನೇ ಬಣ್ಣದ ಪ್ರಿಂಟು ಮಾಡಿಸಿ ತಂದಿದ್ದ. ಅಂಟನ್ನೂ ತಂದಿದ್ದ.

ದೀಪಾವಳಿಯ ರಜೆ ಮುಗಿದು ಬಂದ ಮೊದಲ ವಾರ. ನಾನು ಗ್ಯಾಸ್ ಸಿಲಿಂಡರನ್ನು ಬಂದ್ ಮಾಡಿದ್ದೇನೋ ಇಲ್ಲವೋ ಎಂಬ ಅನುಮಾನದಲ್ಲಿ ಅರ್ಧ ದಾರಿಯಿಂದ ಮನೆಗೆ ಹೋಗಿ ಬಂದು, ಅದೇ ಧಾವಂತದಲ್ಲಿ ಕಾಲೇಜಿಗೆ ಬಹಳ ಬೇಗ ಬಂದುಬಿಟ್ಟಿದ್ದೆ. ವಿಭಾಗದ ಬಾಗಿಲು ಅರ್ಧ ತೆರೆದಿತ್ತು. ಅವರು ಪುಸ್ತಕವನ್ನು ಮುಂದಿಟ್ಟುಕೊಂಡು ಕೂತಿದ್ದರು. ಎಡ ಅಂಗೈಯಿಂದ ಫೋಟೋದ ಕೆಳಗಿನ ಹೆಸರನ್ನು ಮುಚ್ಚಿ, ಮುಖವನ್ನೇ ದಿಟ್ಟಿಸುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಆಮೇಲೆ ಅಂಗೈ ಎತ್ತಿ ಹೆಸರು ನೋಡಿದರು. ತಪ್ಪಾಗಿತ್ತು ಎಂದು ಕಾಣುತ್ತದೆ. ಮತ್ತೆ ಮುಚ್ಚಿದರು, ಮತ್ತೆ ದಿಟ್ಟಿಸಿದರು. ಪರೀಕ್ಷೆಯ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಉರು ಹೊಡೆಯುವ ಹುಡುಗರು ಹೀಗೆಯೇ ಕೂರುತ್ತಾರೆ.

ನಾನು ಸದ್ದು ಮಾಡದೆ ಹಿಂದೆ ಸರಿಯಬೇಕಿತ್ತು. ನನ್ನ ಛತ್ರಿ ಬಾಗಿಲಿಗೆ ತಾಗಿತು.

ಅವರು ಬೆಚ್ಚಲಿಲ್ಲ. ಅಂಗೈ ಇದ್ದಲ್ಲೇ ಇತ್ತು. “ಬರ್ರಿ ಮಾಸ್ತರ. ಬಾಗಲಾ ಮುಂದ ಮಾಡಿ ಬರ್ರಿ,” ಎಂದರು. ನಾನು ಕೂತ ಮೇಲೆ, ಹವಾಮಾನದ ಸುದ್ದಿ ಹೇಳುವವರ ಹಾಗೆ ಹೇಳಿದರು: “ಮಾರಿ ಹೊಂಟಾವು ನೋಡ್ರಿ. ಹೆಸರು ಅದಾವ. ಊರು ಅದಾವ. ಯಾರ ಮನ್ಯಾಗ ಏನ್ ನಡದೈತಿ ಅದೂ ಐತಿ. ಮಾರಿ ಅಷ್ಟ ಹೊಂಟಾವು.”

ಆಮೇಲೆ ನಾನು ಕೇಳಿದೆ, ಅವರು ಹೇಳಿದರು. ಸುರುವಾಗಿ ಎರಡು ವರ್ಷವಾಗಿತ್ತು. ಒಂದು ಮದುವೆಯಲ್ಲಿ ಪಕ್ಕದ ಎಲೆಗೆ ಕೂತ ಸ್ವಂತ ಮೈದುನನಿಗೆ ನಿಮ್ಮದು ಯಾವ ಊರು ಎಂದು ಕೇಳಿದ್ದರಂತೆ. ಅವನು ಚೇಷ್ಟೆ ಎಂದು ತಿಳಿದು ನಕ್ಕಿದ್ದನಂತೆ. ಬೆಳಗಾವಿಯ ಡಾಕ್ಟರು ತಲೆಯ ಫೋಟೋ ತೆಗೆದು, ಇದು ಮುಂದೆ ಮುಂದೆ ಹೋಗುವುದೇ ಹೊರತು ಹಿಂದೆ ಬರುವುದಲ್ಲ ಎಂದಿದ್ದರು. ಗೊತ್ತಿದ್ದದ್ದು ಅವರ ಹೆಂಡತಿಗೆ ಮಾತ್ರ. ಮೂವತ್ತೊಂದು ಮುಖಗಳನ್ನು ಎದುರಿಗೆ ನೋಡಿ ನೆನಪಿಡಲಾಗುತ್ತಿರಲಿಲ್ಲ. ಪುಸ್ತಕದಲ್ಲಿ ಅಂಟಿಸಿಕೊಂಡು, ಮನೆಗೆ ಒಯ್ದು, ದಿನಕ್ಕೆ ಹತ್ತರಂತೆ ಕಲಿತರೆ ಕೆಲವು ವಾರ ನಿಲ್ಲುತ್ತಿದ್ದವು.

ಹಾಗಾದರೆ ಈ ಸೆಲ್ಫಿ ಪಾಠ ಎಂದು ಬಾಯಿ ತೆರೆದೆ.

“ಪಾಠಕ್ಕೂ ಆತು, ನನಗೂ ಆತು. ಅವರಿಗೇನ ಸುಳ್ಳ ಕಲಿಸಿಲ್ರಿ ನಾ.” ಸ್ವಲ್ಪ ಹೊತ್ತು ಪುಸ್ತಕದ ಅಂಚನ್ನು ನೇವರಿಸಿದರು. “ಇನ್ನ ಆರ್ ತಿಂಗಳ. ಯಾ ಹುಡುಗನ ಮುಂದೂ ನೀ ಯಾರಪಾ ಅಂತ ನನ್ನ ಬಾಯಾಗ ಬರಬಾರದು. ಮನ್ಯಾಗ ಯಾರೂ ಲೆಕ್ಕಕ್ಕ ಹಿಡೀಲಾರದ ಹುಡುಗೂರ ಅದಾವ ಇದರಾಗ. ಇಲ್ಲಿ ಬಂದ ಮ್ಯಾಲ ಮಾಸ್ತರೂ ನೀ ಯಾರು ಅಂದ್ರ ಹ್ಯಾಂಗ?”

ಪ್ರಾಚಾರ್ಯರಿಗೆ ಹೇಳುವುದು ಸರಿಯೋ ಮುಚ್ಚಿಡುವುದು ಸರಿಯೋ ಎಂದು ನಾನು ಇಂದಿಗೂ ತೀರ್ಮಾನಿಸಿಲ್ಲ. ತೀರ್ಮಾನಿಸುವಷ್ಟರಲ್ಲಿ ಆರು ತಿಂಗಳು ಮುಗಿದವು ಎಂಬುದೇ ನನ್ನ ಸಮರ್ಥನೆ. ಅವರ ಪಾಠದಲ್ಲಿ ಒಂದು ಅಕ್ಷರವೂ ಕದಲಿರಲಿಲ್ಲ. ನಾನು ಅವರ ಹಿಂದೆ ಹಿಂದೆ, ಒಮ್ಮೊಮ್ಮೆ ಮುಂದೆ ಮುಂದೆ ನಡೆಯತೊಡಗಿದೆ. ಪಡಸಾಲೆಯಲ್ಲಿ ಯಾರಾದರೂ ಎದುರು ಬಂದರೆ ನಾನೇ ಮೊದಲು ಜೋರಾಗಿ, ಏನಮ್ಮ ಬನಹಟ್ಟಿ, ಏನಪ್ಪ ಬೆಳಗಲಿ, ಎಂದು ಕೂಗುತ್ತಿದ್ದೆ. ಹತ್ತೊಂಬತ್ತು ವರ್ಷ ಯಾರನ್ನೂ ಹೆಸರು ಹಿಡಿದು ಕರೆಯದಿದ್ದ ನಾನು ಇದ್ದಕ್ಕಿದ್ದಂತೆ ಎಲ್ಲರನ್ನೂ ಕರೆಯುವುದನ್ನು ಕಂಡು ಹುಡುಗರು, ಸರ್ ಯಾವುದೋ ಚುನಾವಣೆಗೆ ನಿಲ್ಲುತ್ತಾರೆ ಎಂದು ಆಡಿಕೊಂಡರಂತೆ. ಮನೆಗೆ ಬಂದರೆ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಪುಸ್ತಕದ ಪುಟಗಳು. ಪ್ರತಿ ಪುಟದಲ್ಲಿ ಹಿಂದಿನ ಮನೆ, ಮಗ್ಗ, ಹೊಲ ಇದ್ದ ಹಾಗೇ ಇದ್ದು, ಮುಖದ ಜಾಗದಲ್ಲಿ ಮಾತ್ರ ಬಿಳಿ. ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯನ್ನು ನೋಡದೆ ಉಜ್ಜುವುದನ್ನು ಕಲಿತೆ.

ಆ ನಡುವೆ ಕಾಲೇಜಿನ ಗುಣಮಟ್ಟ ನೋಡಲು ಹೊರಗಿನ ಸಮಿತಿಯೊಂದು ಬಂತು. ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿ ಬಹಳ ಮೆಚ್ಚಿದರು. ಇಂಥ ಕಲಿಕೆಯ ಪದ್ಧತಿಗೆ ಪ್ರೇರಣೆ ಏನು ಎಂದು ಅಧ್ಯಕ್ಷರು ಕೇಳಿದರು. ಮರೆವು, ಎಂದರು ಇವರು. ಅಧ್ಯಕ್ಷರು ತಲೆದೂಗಿ, ಸಮಾಜದ ಮರೆವು, ಎಷ್ಟು ಆಳವಾದ ಮಾತು, ಎನ್ನುತ್ತ ಬರೆದುಕೊಂಡರು. ಅವರು ಹೋದ ಮೇಲೆ ಇವರು ನನ್ನ ಕಡೆ ತಿರುಗಿ ಒಂದು ಹುಬ್ಬು ಮಾತ್ರ ಏರಿಸಿದರು. ಅಂದು ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಇತ್ತು. ಅರ್ಧ ನನ್ನ ಮುಚ್ಚಳಕ್ಕೆ ಬಂತು.

ಬೀಳ್ಕೊಡುಗೆಯ ದಿನ ಮೂವತ್ತೊಂದು ಮಂದಿ ಸಾಲಾಗಿ ವೇದಿಕೆಗೆ ಬಂದು ನಮಸ್ಕರಿಸುವುದು ಎಂದು ಹುಡುಗರೇ ಗೊತ್ತು ಮಾಡಿದ್ದರು. ನನಗೆ ತಿಳಿದಾಗ ತಡವಾಗಿತ್ತು. ಪುಸ್ತಕ ಮನೆಯಲ್ಲಿತ್ತು. ಅವರು ನಿಂತುಕೊಂಡೇ ಒಬ್ಬೊಬ್ಬರ ಹೆಸರು ಹೇಳಿ, ಅವರ ಬೆನ್ನ ಹಿಂದೆ ಇದ್ದವರ ಕ್ಷೇಮವನ್ನೂ ಕೇಳಿದರು. ಆಯಿ ಹೇಗಿದ್ದಾರೆ, ಕಂಡಿಕೆ ಸುತ್ತುವ ಕೈ ನೋವು ಕಡಿಮೆಯಾಯಿತೇ? ಅಣ್ಣನಿಗೆ ಹೇಳು, ಫೋಟೋದ ಬಣ್ಣ ಇನ್ನೂ ಹೋಗಿಲ್ಲ. ನಾನು ಮೊದಲ ಸಾಲಿನಲ್ಲಿ ಕೂತು ಬೆರಳು ಮಡಚುತ್ತಿದ್ದೆ. ಹತ್ತೊಂಬತ್ತು, ಇಪ್ಪತ್ತು. ಇಪ್ಪತ್ತೊಂದನೆಯವನಾಗಿ ಬೆಳಗಲಿಯ ಹುಡುಗ ಮೆಟ್ಟಿಲು ಹತ್ತಿದ. ಯಾವುದೋ ಹರಕೆಗೆ ಹಿಂದಿನ ದಿನವಷ್ಟೇ ತಲೆ ಬೋಳಿಸಿದ್ದ. ಮೀಸೆಯನ್ನೂ ತೆಗೆಸಿದ್ದ. ನನಗೇ ಅವನು ಯಾರೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

ಅವರು ನೋಡಿದರು. ಮತ್ತೆ ನೋಡಿದರು. ನಾನು ಅವನ ಊರು ಕೂಗಲು ಕುರ್ಚಿಯಿಂದ ಅರ್ಧ ಎದ್ದೆ. ಅವರು ಅವನ ಮುಖವನ್ನು ಬಿಟ್ಟು, ಮುಗಿದಿದ್ದ ಅವನ ಕೈಗಳನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ತಿರುವಿ ನೋಡಿದರು. ಮುಂಗೈಯ ತುಂಬ ಕಬ್ಬಿನ ಒಣಗರಿಯ ರವದಿ ಗೀರಿದ ಗೆರೆಗಳು, ಕೆಲವು ಆರಿದ್ದವು, ಕೆಲವು ಇನ್ನೂ ಕೆಂಪು.

“ಬೆಳಗಲಿ,” ಎಂದರು. “ಗ್ಯಾಂಗಿನವರ ಜೋಡಿ ಈ ಸರ್ತಿ ನೀನೂ ಕಡ್ಯಾಕ ನಿಂತಿಯಲ್ಲೋ ತಮ್ಮಾ.”

ಹುಡುಗ ಅತ್ತ. ಯಾಕೆ ಅತ್ತನೆಂದು ಅವನಿಗೂ ಗೊತ್ತಿರಲಿಕ್ಕಿಲ್ಲ. ಉಳಿದ ಹತ್ತು ಮಂದಿಯೂ ದಾಟಿದರು. ನಾನು ಹೊರಗೆ ಹೋಗಿ, ಬೇವಿನ ಗಿಡದ ಕೆಳಗೆ ನಿಂತು, ನನ್ನ ಯಾದಿಯನ್ನು ಜೇಬಿನಿಂದ ತೆಗೆದು ಹರಿದು ಹಾಕಿದೆ. ಒಂದು ವರ್ಷ ಹೊತ್ತು ತಿರುಗಿದ್ದೆ. ಏನೂ ಕೆಟ್ಟಿರಲಿಲ್ಲ.

ಆಮೇಲೆ ಅವರನ್ನು ಕಂಡದ್ದು ಒಂದೇ ಸಲ. ನಾಲ್ಕೈದು ತಿಂಗಳು ಹೋಗಲಿಲ್ಲ. ಏನು ಕಾಣಬೇಕಾದೀತೋ ಎಂಬ ಭಯ. ದಸರೆ ಮುಗಿದ ಮೇಲೆ ವೈನಿಯವರು, ಎಂದರೆ ಅವರ ಹೆಂಡತಿ, ತಾವಾಗಿ ಫೋನು ಮಾಡಿದರು. ನಿಮ್ಮನ್ನು ನೆನೆಸುತ್ತಾರೆ, ಇವತ್ತು ಬಂದು ಹೋಗ್ರಿ ಎಂದರು. ಮಧ್ಯಾಹ್ನದ ಬಸ್ಸಿಗೆ ಮುಧೋಳಕ್ಕೆ ಹೋದೆ. ಅವರು ಪಡಸಾಲೆಯ ಬೆಳಕಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಟ್ಟೆ ಇಸ್ತ್ರಿಯದು, ಗಡ್ಡ ನೀಟಾಗಿ ಹೆರೆದದ್ದು. ತೊಡೆಯ ಮೇಲೆ ಅದೇ ಪುಸ್ತಕ. ನನ್ನನ್ನು ಕಂಡು ಎದ್ದು ಕೈಮುಗಿದರು, ಎದುರಿನ ಕುರ್ಚಿ ತೋರಿಸಿದರು. ನಾನು ಕೇಳದೆಯೇ ಒಂದೊಂದು ಪುಟ ತೋರಿಸುತ್ತ ಬಂದರು. ಈಕೆ ಬನಹಟ್ಟಿಯವಳು, ಹಿಂದೆ ಆಯಿ. ಇವನು ಬೆಳಗಲಿಯವನು, ಹಿಂದೆ ಎಂಟು ಜನ, ಒಂದು ಕೂಸು. ಮೂವತ್ತೊಂದರಲ್ಲಿ ಒಂದೂ ತಪ್ಪಲಿಲ್ಲ. ನಾನು ಸುಖವಾಗಿ ಉಸಿರುಬಿಟ್ಟೆ. ಡಾಕ್ಟರುಗಳು ಸುಮ್ಮನೆ ಹೆದರಿಸುತ್ತಾರೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಪುಸ್ತಕ ಮುಗಿದ ಮೇಲೆ ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಮರ್ಯಾದೆಯ ನಗು. ಆಮೇಲೆ ಪುಸ್ತಕವನ್ನು ಮತ್ತೆ ತೆರೆದು, ಒಂದು ಪುಟ ನೋಡಿ ನನ್ನನ್ನು ನೋಡಿದರು, ಇನ್ನೊಂದು ಪುಟ ನೋಡಿ ನನ್ನನ್ನು ನೋಡಿದರು. ಹೀಗೆ ಕೊನೆಯ ತನಕ ಹೋದರು. ವೈನಿಯವರು ಚಹ ತಂದವರು ಬಾಗಿಲಲ್ಲೇ ನಿಂತುಬಿಟ್ಟರು.

“ಇದರಾಗ ನೀವಿಲ್ಲಲ್ರಿ,” ಎಂದರು ಅವರು. ತಪ್ಪು ತಮ್ಮದೇ ಎಂಬಂತೆ ಹೇಳಿದರು.

ನಾನು ಇರಲಿಲ್ಲ. ಮೊದಲ ವಾರದಲ್ಲೇ ಅವರು ನನ್ನದೂ ಒಂದು ಕೇಳಿದ್ದರು, ಮಾಸ್ತರು ಮೊದಲು ಹಚ್ಚಿದರೆ ಹುಡುಗರಿಗೆ ಸಂಕೋಚ ಹೋಗುತ್ತದೆ ಎಂದು. ಕಟಿಂಗ್ ಮಾಡಿಸಿಕೊಂಡಿಲ್ಲ, ನಾಳೆ ಕೊಡುತ್ತೇನೆ ಎಂದಿದ್ದೆ. ಫೋಟೋ ಎಲ್ಲಿಂದ ಎಲ್ಲಿಗೆ ಹೋಗುತ್ತದೋ ಎಂಬುದು ನಿಜವಾದ ಕಾರಣ. ಅವರು ಮತ್ತೆ ಕೇಳಲಿಲ್ಲ, ನಾನು ಮತ್ತೆ ನೆನೆಸಲಿಲ್ಲ. ನನ್ನ ಯಾದಿಯ ಹದಿನೇಳೂ ಆಗಲಿಲ್ಲ; ಆದದ್ದು ಅದರಲ್ಲಿ ಇಲ್ಲದ ಇದೊಂದೇ.

ಅವರು ರಟ್ಟಿಗೆ ಅಂಟಿಕೊಂಡಿದ್ದ ಮೊಟ್ಟಮೊದಲ ಪುಟವನ್ನು ಉಗುರಿನಿಂದ ಬಿಡಿಸಿದರು. ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಹೊಡೆದ ಖಾಲಿ ಚೌಕವಿತ್ತು. ಕೆಳಗೆ ಅವರದೇ ಗುಂಡನೆಯ ಅಕ್ಷರದಲ್ಲಿ ದಪ್ಪಗೆ ನನ್ನ ಹೆಸರು. ಅದರ ಕೆಳಗೆ, ‘ಹಿಂದೆ: ಕಿಟಕಿ, ಕಪಾಟು, ನಾನು.’

ಆ ಹೆಸರಿನ ಮೇಲೆ ಬೆರಳಿಟ್ಟು ಅವರ ಮುಖ ಅರಳಿತು.

“ಇವರು ನಮ್ಮ ಮಾಸ್ತರ್ರಿ. ಜಮಖಂಡಿಯಿಂದ ಇವತ್ತ ಬರೋರ ಅದಾರ. ಭಾಳ ಅಂಜತಾರ, ಆದ್ರ ಬರ್ತಾರ. ಕುಂದರ್ರಿ, ಭೆಟ್ಟಿ ಆಗೇ ಹೋಗ್ರಿ.”

ನಾನು ಕೂತೆ.